ಝಯಾನ್ ನ್ಯಾರೋಸ್: ನದಿಯೊಳಗೇ ನಡೆಯುವ ದಾರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಯೂಟಾ ರಾಜ್ಯದ ನೈರುತ್ಯ ಮೂಲೆಯಲ್ಲಿರುವ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಅದರಲ್ಲೂ ಬಹಳ ಮಂದಿ ಆಸೆಪಟ್ಟು ಹೋಗುವುದು ನ್ಯಾರೋಸ್‌ಗೆ. ವರ್ಜಿನ್ ನದಿಯ ಉತ್ತರ ಕವಲು ಮರಳುಗಲ್ಲಿನ ಪ್ರಸ್ಥಭೂಮಿಯನ್ನು ನೆಟ್ಟಗೆ ಕೊರೆದು ಇಳಿದ ಜಾಗ ಅದು. ಎರಡು ಕಡೆಗೂ ಸುಮಾರು ಸಾವಿರ ಅಡಿ ಎತ್ತರದ ಬಂಡೆಗೋಡೆ, ತೀರ ಇಕ್ಕಟ್ಟಾದ ಕಡೆ ನಡುವಿನ ಅಗಲ 20ರಿಂದ 30 ಅಡಿ. ಅಲ್ಲಿ ಕಾಲುದಾರಿ ಎಂಬುದಿಲ್ಲ, ನದಿಯಲ್ಲೇ ನಡೆಯಬೇಕು. ಆದ್ದರಿಂದ ಈ ಪ್ರವಾಸದ ತಯಾರಿಯನ್ನು ಹೋಟೆಲ್ ಬುಕಿಂಗ್‌ನಿಂದ ಶುರು ಮಾಡಿದರೆ ತಲೆಕೆಳಗಾಗುತ್ತದೆ. ಯಾವ ತಿಂಗಳು, ಯಾವ ದಿನ, ಎಷ್ಟು ದೂರ, ಯಾವಾಗ ವಾಪಸ್ ಎಂಬುದನ್ನೆಲ್ಲ ತೀರ್ಮಾನಿಸುವುದು ನೀರು. ಅದನ್ನು ಓದುವುದು ಹೇಗೆ ಎಂಬುದೇ ಈ ಬರಹದ ಮುಖ್ಯ ಭಾಗ.

ಮೊದಲು ನದಿಯ ಕೆಲಸವನ್ನು ಅರ್ಥ ಮಾಡಿಕೊಳ್ಳಿ

ಕಣಿವೆಯ ಎತ್ತರದ ಗೋಡೆಗಳೆಲ್ಲ ನವಾಹೋ ಮರಳುಗಲ್ಲು. ಜುರಾಸಿಕ್ ಯುಗದ ಮರುಭೂಮಿಯ ಮರಳುದಿಬ್ಬಗಳು ಗಟ್ಟಿಯಾಗಿ ಆದ ಕಲ್ಲು ಇದು. ಗೋಡೆಯ ಮೇಲೆ ಓರೆಯಾಗಿ ಕಾಣುವ ಗೆರೆಗಳು ಆ ದಿಬ್ಬಗಳ ಇಳಿಜಾರುಗಳೇ. ಈ ಪದರದ ದಪ್ಪ ಕೆಲವೆಡೆ 2,000 ಅಡಿ ಮುಟ್ಟುತ್ತದೆ. ಅದರ ಕೆಳಗಿರುವುದು ಕಯೆಂಟಾ ಎಂಬ ಮೆದು ಪದರ.

ಇಡೀ ಕಣಿವೆಯ ಆಕಾರಕ್ಕೆ ಈ ಎರಡು ಪದರಗಳೇ ಕಾರಣ. ಮರಳುಗಲ್ಲು ಮಳೆನೀರನ್ನು ನಿಧಾನವಾಗಿ ಹೀರಿಕೊಂಡು ಕೆಳಕ್ಕೆ ಬಿಡುತ್ತದೆ. ಕಯೆಂಟಾ ಅಷ್ಟು ಸುಲಭವಾಗಿ ನೀರು ಬಿಡದು, ಹಾಗಾಗಿ ಎರಡೂ ಕೂಡುವ ಗೆರೆಯಲ್ಲಿ ನೀರು ಅಡ್ಡಕ್ಕೆ ಹರಿದು ಗೋಡೆಯಿಂದ ಒರತೆಯಾಗಿ ಜಿನುಗುತ್ತದೆ. ಎಲ್ಲಿ ನದಿ ಕಯೆಂಟಾ ಪದರದವರೆಗೆ ಕೊರೆದಿದೆಯೋ ಅಲ್ಲಿ ಆ ಮೆದು ಬುಡ ಸವೆದು, ಮೇಲಿನ ಬಂಡೆ ಆಸರೆ ತಪ್ಪಿ ಕಳಚಿ ಬಿದ್ದು, ಕಣಿವೆ ಅಗಲವಾಗುತ್ತದೆ. ನ್ಯಾರೋಸ್‌ನಲ್ಲಿ ನದಿ ಇನ್ನೂ ಮರಳುಗಲ್ಲಿನೊಳಗೇ ಇದೆ, ಬುಡ ಗಟ್ಟಿಯಾಗಿದೆ, ಗೋಡೆ ನೆಟ್ಟಗೆ ನಿಂತಿದೆ. ಬಸ್ಸಿನಲ್ಲಿ ಕುಳಿತು ಮೇಲಕ್ಕೆ ಹೋಗುವಾಗ ಕಣಿವೆ ಹಂತಹಂತವಾಗಿ ಕಿರಿದಾಗುವುದನ್ನು ಗಮನಿಸಿ. ಬಂಡೆಯ ಬುಡದಲ್ಲಿ ಹಸಿರು ಪಟ್ಟಿಯಂತೆ ಜರಿಗಿಡ, ಪಾಚಿ ನೇತಾಡುವ ಕಡೆಯೆಲ್ಲ ಆ ಒರತೆಯ ಗೆರೆ ಹಾದುಹೋಗಿದೆ.

ನದಿಯ ಮೂಲ 9,000 ಅಡಿಗೂ ಮೇಲೆ. ಉದ್ಯಾನದೊಳಗೆ ಅದು ಮೈಲಿಗೆ 50ರಿಂದ 80 ಅಡಿ ಇಳಿಯುತ್ತದೆ. ದೊಡ್ಡ ನದಿಗಳಿಗೆ ಹೋಲಿಸಿದರೆ ಇದು ಬಹಳ ಕಡಿದಾದ ಇಳಿಜಾರು. ವರ್ಷಕ್ಕೆ ಸುಮಾರು 10 ಲಕ್ಷ ಟನ್ ಮಣ್ಣು, ಮರಳು, ಕಲ್ಲನ್ನು ಅದು ಹೊತ್ತೊಯ್ಯುತ್ತದೆ. ಅದರ ಬಹುಪಾಲು ಸಾಗುವುದು ದಿನನಿತ್ಯದ ತಿಳಿನೀರಿನಲ್ಲಲ್ಲ, ಕೆಲವೇ ಗಂಟೆಗಳ ಪ್ರವಾಹಗಳಲ್ಲಿ. ಎರಡು ಆಳು ಎತ್ತರದಲ್ಲಿ ಬಂಡೆಯ ಸೀಳಿಗೆ ಸಿಕ್ಕಿಕೊಂಡ ಮರದ ದಿಮ್ಮಿ ಕಂಡರೆ ಅದನ್ನು ಅಲ್ಲಿಗೆ ಒಯ್ದು ಇಟ್ಟದ್ದು ಯಾವುದು ಎಂದು ಯೋಚಿಸಿ.

ಉದ್ಯಾನದೊಳಗಿನ ವಸತಿಗೃಹವಾದ ಝಯಾನ್ ಲಾಡ್ಜ್ ಇರುವ ಭಾಗದಲ್ಲಿ ಕಣಿವೆಯ ತಳ ಅಚ್ಚರಿಯೆನಿಸುವಷ್ಟು ಸಮತಟ್ಟಾಗಿದೆ. ಸುಮಾರು 4,800 ವರ್ಷಗಳ ಹಿಂದೆ ಸೆಂಟಿನೆಲ್ ಶಿಖರದ ಕಡೆಯಿಂದ ಭಾರಿ ಗುಡ್ಡ ಕುಸಿದು ನದಿಗೆ ಅಡ್ಡಗಟ್ಟಿತು, ಹಿಂದೆ ಕೆರೆಯಾಯಿತು, ಕೆರೆಯ ಹೂಳೇ ಈಗಿನ ಬಯಲು. ಅದೇ ಹಳೆಯ ಕುಸಿತದ ಒಂದು ಭಾಗ 1995ರ ಏಪ್ರಿಲ್‌ನಲ್ಲಿ ಮತ್ತೆ ಜಾರಿ ನದಿಯನ್ನು ತಡೆದಾಗ, ನೀರು ಪಕ್ಕಕ್ಕೆ ತಿರುಗಿ ರಸ್ತೆಯನ್ನೇ ಕೊಚ್ಚಿಕೊಂಡು ಹೋಗಿ, ಮೇಲಿದ್ದವರೆಲ್ಲ ಸಿಕ್ಕಿಬಿದ್ದಿದ್ದರು.

ಕ್ಯುಸೆಕ್ ಲೆಕ್ಕ: ಹೋಗಬಹುದೇ ಬೇಡವೇ

ಉತ್ತರ ಕವಲಿನ ಹರಿವನ್ನು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಸ್ಪ್ರಿಂಗ್‌ಡೇಲ್ ಊರಿನ ಬಳಿಯ ಮಾಪಕದಲ್ಲಿ ಸತತವಾಗಿ ಅಳೆಯುತ್ತದೆ. ಮಾಪಕದ ಸಂಖ್ಯೆ 09405500. ಈ ಸಂಖ್ಯೆ ಹಾಕಿ ಹುಡುಕಿದರೆ ಸದ್ಯದ ಹರಿವಿನ ನಕ್ಷೆ ಸಿಗುತ್ತದೆ. ಹೊರಡುವ ವಾರದ ಮೊದಲಿನಿಂದಲೇ ದಿನಕ್ಕೊಮ್ಮೆ ನೋಡುತ್ತಾ ಬಂದರೆ ನೀರು ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದು ತಿಳಿಯುತ್ತದೆ. ಒಂದು ದಿನದ ಅಂಕಿಗಿಂತ ಈ ಏರಿಳಿತ ಹೆಚ್ಚು ಹೇಳುತ್ತದೆ.

ಹರಿವು 150 ಕ್ಯುಸೆಕ್ ದಾಟಿದರೆ ಉದ್ಯಾನದವರು ನ್ಯಾರೋಸ್ ಮುಚ್ಚುತ್ತಾರೆ. ಅಣೆಕಟ್ಟಿನ ಸುದ್ದಿಯಲ್ಲಿ ಸಾವಿರಗಟ್ಟಲೆ ಕ್ಯುಸೆಕ್ ಓದಿ ರೂಢಿಯಾದವರಿಗೆ 150 ಏನೂ ಅಲ್ಲ ಅನಿಸಬಹುದು. ಆದರೆ ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 150 ಕ್ಯುಸೆಕ್ ಎಂದರೆ ಸೆಕೆಂಡಿಗೆ 4,200 ಲೀಟರ್, ಅದೂ ಒಂದು ಕೋಣೆಯ ಅಗಲದ ಓಣಿಯಲ್ಲಿ, ಕಡಿದಾದ ಇಳಿಜಾರಿನಲ್ಲಿ, ನಿಮ್ಮ ಎದುರಿಗೆ.

ನಡೆಯುವವರ ಲೆಕ್ಕದಲ್ಲಿ ಹೀಗೆ ಇಟ್ಟುಕೊಳ್ಳಿ. 50 ಕ್ಯುಸೆಕ್ ಆಸುಪಾಸಿನಲ್ಲಿ ಹೆಚ್ಚಿನ ಕಡೆ ನೀರು ಮೀನಖಂಡದಿಂದ ಮಂಡಿಯವರೆಗೆ, ಮಡುಗಳಲ್ಲಿ ತೊಡೆ ಮುಟ್ಟುತ್ತದೆ. ನಡೆದು ಅಭ್ಯಾಸವಿರುವ ಹತ್ತು ಹನ್ನೆರಡು ವರ್ಷದ ಮಕ್ಕಳೂ ದೊಡ್ಡವರ ಜೊತೆ ಕೆಳಭಾಗದಲ್ಲಿ ನಡೆಯಬಲ್ಲರು. 70 ದಾಟಿದ ಮೇಲೆ ಸೆಳವಿನ ಎದುರು ಹೆಜ್ಜೆ ಹಾಕುವುದೇ ಶ್ರಮದ ಕೆಲಸ, ಸೊಂಟದ ಮಟ್ಟದ ನೀರು ಆಗಾಗ ಎದುರಾಗುತ್ತದೆ. 100ರ ಮೇಲೆ ನದಿ ನಡಿಗೆಯ ಅನುಭವವಿಲ್ಲದವರು ಹೋಗಬೇಡಿ. 150ರ ಒಳಗಿದೆ, ತೆರೆದಿದೆ ಎಂದ ಮಾತ್ರಕ್ಕೆ ಎಲ್ಲರಿಗೂ ಸುರಕ್ಷಿತ ಎಂದಲ್ಲ. ತಳದ ಮರಳು ಪ್ರತಿ ಪ್ರವಾಹದಲ್ಲೂ ಜಾಗ ಬದಲಿಸುವುದರಿಂದ ಹೋದ ವರ್ಷ ಮಂಡಿಯುದ್ದ ಇದ್ದ ಮಡು ಈ ವರ್ಷ ಎದೆಯುದ್ದ ಇರಬಹುದು. ಹಿಂದಿನ ಬೆಳಗ್ಗೆ ಮೇಲೆ ಹೋಗಿ ಬಂದವರನ್ನೋ, ಸಂದರ್ಶಕರ ಕೇಂದ್ರದ ರೇಂಜರ್‌ಗಳನ್ನೋ ಕೇಳುವುದು ಉತ್ತಮ.

ಇದರ ಜೊತೆಗೆ ನೋಡಬೇಕಾದದ್ದು ದಿಢೀರ್ ಪ್ರವಾಹದ ಮುನ್ಸೂಚನೆ. ಅಮೆರಿಕದ ಹವಾಮಾನ ಸೇವೆ ದಿನವೂ ನಾಲ್ಕು ಹಂತದಲ್ಲಿ ಅದನ್ನು ಹೇಳುತ್ತದೆ: ನಿರೀಕ್ಷೆಯಿಲ್ಲ, ಆಗಬಹುದು, ಆಗುವ ಸಂಭವ ಹೆಚ್ಚು, ಆಗಲಿದೆ. ಮೊದಲ ಹಂತವಿದ್ದರೆ ಹೊರಡಿ. ಎರಡನೆಯದಿದ್ದರೆ ಕೆಳಭಾಗದಲ್ಲಿ ಸ್ವಲ್ಪ ದೂರ ಹೋಗಿ ಬೇಗ ಮರಳಿ. ಮೂರು, ನಾಲ್ಕು ಇದ್ದ ದಿನ ನದಿಗೆ ಇಳಿಯಬೇಡಿ. ಅಧಿಕೃತ ಪ್ರವಾಹ ಎಚ್ಚರಿಕೆ ಹೊರಬಿದ್ದರೆ ನ್ಯಾರೋಸ್ ಮುಚ್ಚುತ್ತದೆ, ಎಚ್ಚರಿಕೆ ಹಿಂತೆಗೆದ ಮೇಲೂ ಕನಿಷ್ಠ 2 ಗಂಟೆ ತೆರೆಯುವುದಿಲ್ಲ.

ಯಾವ ತಿಂಗಳು

ಮಾರ್ಚ್‌ನಿಂದ ಮೇ ಕೊನೆಯವರೆಗೆ, ಹಿಮ ಹೆಚ್ಚು ಬಿದ್ದ ವರ್ಷ ಜೂನ್‌ವರೆಗೂ, ಮೇಲಿನ ಹಿಮ ಕರಗಿ ನೀರು ಸಾಮಾನ್ಯವಾಗಿ 150 ದಾಟಿರುತ್ತದೆ. ವಸಂತದ ರಜೆಗೆ ಟಿಕೆಟ್ ಮಾಡಿಸಿ ಬಂದು ನಿರಾಸೆಯಿಂದ ಹಿಂತಿರುಗುವವರು ಬಹಳ. ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ನೀರು ಇಳಿದಿರುತ್ತದೆ, ಮಳೆ ಇನ್ನೂ ಶುರುವಾಗಿರುವುದಿಲ್ಲ. ಆದರೆ ಕಣಿವೆಯ ಹೊರಗೆ 38 ಡಿಗ್ರಿ ಮೀರುವ ಬಿಸಿಲು, ಜನಜಂಗುಳಿ. ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ನೀರು ಹಿತವಾಗಿರುತ್ತದೆ, ಅಪಾಯವೂ ಆಗಲೇ ಹೆಚ್ಚು. ಅದು ಅಲ್ಲಿನ ಮಳೆಗಾಲ, ಮಧ್ಯಾಹ್ನದ ಗುಡುಗು ಮಳೆಯ ಕಾಲ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ನಡುವಿನವರೆಗಿನ ದಿನಗಳನ್ನು ಹಿಡಿಯಿರಿ. ಹರಿವು ಕಡಿಮೆ, ಆಕಾಶ ಬಹುತೇಕ ತಿಳಿ. ನೀರು ಮಾತ್ರ ತಣ್ಣಗಾಗುತ್ತಾ ಹೋಗುತ್ತದೆ, ಹಗಲು ಕಿರಿದಾಗುತ್ತದೆ. ಚಳಿಗಾಲದಲ್ಲಿ ನೀರಿನ ತಾಪ 3ರಿಂದ 5 ಡಿಗ್ರಿಗೆ ಇಳಿಯುತ್ತದೆ. ಆಗ ಪೂರ್ತಿ ಜಲನಿರೋಧಕ ಡ್ರೈ ಸೂಟ್ ಇಲ್ಲದೆ ಇಳಿಯುವ ಮಾತೇ ಇಲ್ಲ.

ಪ್ರವೇಶ ಶುಲ್ಕ, ವಾಹನ, ಬಸ್ಸು

ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಲಾಸ್ ವೇಗಸ್. ಅಲ್ಲಿಂದ ಕಾರಿನಲ್ಲಿ ಸುಮಾರು ಎರಡೂವರೆಯಿಂದ ಮೂರು ಗಂಟೆ. ದಾರಿಯಲ್ಲಿ ಯೂಟಾದ ಸಮಯವಲಯಕ್ಕೆ ಬರುತ್ತೀರಿ, ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ (ಚಳಿಗಾಲ, ಬೇಸಿಗೆ ಎರಡರಲ್ಲೂ). ಬೆಳಗ್ಗೆ 4ಕ್ಕೆ ವೇಗಸ್ ಬಿಟ್ಟು 7ಕ್ಕೆ ತಲುಪುತ್ತೇವೆಂದು ಲೆಕ್ಕ ಹಾಕುವವರು ತಲುಪುವುದು 8ಕ್ಕೆ, ಆಗ ನಿಲುಗಡೆ ತುಂಬಿರುತ್ತದೆ. ಹಿಂದಿನ ರಾತ್ರಿ ಉದ್ಯಾನದ ಬಾಗಿಲಿಗೇ ಅಂಟಿಕೊಂಡಿರುವ ಸ್ಪ್ರಿಂಗ್‌ಡೇಲ್ ಊರಿನಲ್ಲಿ ಉಳಿಯುವುದು ಎಲ್ಲ ರೀತಿಯಿಂದಲೂ ಅನುಕೂಲ.

ಪ್ರವೇಶ ಶುಲ್ಕ ಒಂದು ಖಾಸಗಿ ವಾಹನಕ್ಕೆ 35 ಡಾಲರ್, ನಡೆದು ಬಂದರೆ ತಲೆಗೆ 20 ಡಾಲರ್, 7 ದಿನ ನಡೆಯುತ್ತದೆ. ಭಾರತದಿಂದ ಹೋಗುವವರು ಮುಖ್ಯವಾಗಿ ಗಮನಿಸಬೇಕಾದ್ದು ಬೇರೆ: 2026ರ ಜನವರಿ 1ರಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮತ್ತು ಮೇಲ್ಪಟ್ಟ ಪ್ರತಿಯೊಬ್ಬರಿಗೂ ಝಯಾನ್ ಸೇರಿ 11 ಉದ್ಯಾನಗಳಲ್ಲಿ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ವಾರ್ಷಿಕ ಪಾಸ್ ಇದ್ದರೆ ಇದು ಬೇಡ. ಆ ಪಾಸ್ ನಿವಾಸಿಗಳಿಗೆ 80 ಡಾಲರ್, ಅನಿವಾಸಿಗಳಿಗೆ 250 ಡಾಲರ್. ಒಂದೇ ಪ್ರವಾಸದಲ್ಲಿ ಬ್ರೈಸ್ ಕ್ಯಾನ್ಯನ್, ಗ್ರ್ಯಾಂಡ್ ಕ್ಯಾನ್ಯನ್ ಕೂಡ ಇದ್ದರೆ ಪಾಸೇ ಅಗ್ಗ. ಒಂದು ಪಾಸ್ ಎಷ್ಟು ಜನರಿಗೆ ಆಗುತ್ತದೆಂದು ಕೊಳ್ಳುವ ಮೊದಲು ಅಧಿಕೃತ ಪುಟದಲ್ಲಿ ಓದಿಕೊಳ್ಳಿ.

2000ನೇ ಇಸವಿಯಿಂದ ಕಣಿವೆಯ ಒಳರಸ್ತೆಯಲ್ಲಿ ಶಟಲ್ ಬಸ್ ವ್ಯವಸ್ಥೆಯಿದೆ. ಸುಮಾರು ಮಾರ್ಚ್‌ನಿಂದ ನವೆಂಬರ್‌ವರೆಗೆ, ಬಸ್ಸು ಓಡುವ ದಿನಗಳಲ್ಲಿ, ಖಾಸಗಿ ಕಾರುಗಳಿಗೆ ಆ ರಸ್ತೆಯಲ್ಲಿ ಪ್ರವೇಶವಿಲ್ಲ. ಬಸ್ಸಿಗೆ ಟಿಕೆಟ್ ಇಲ್ಲ, ಮುಂಗಡ ಕಾಯ್ದಿರಿಸುವುದೂ ಇಲ್ಲ. ಸಂದರ್ಶಕರ ಕೇಂದ್ರದಿಂದ ಕೊನೆಯ, ಅಂದರೆ 9ನೇ ನಿಲ್ದಾಣವಾದ ಟೆಂಪಲ್ ಆಫ್ ಸಿನಾವಾವಕ್ಕೆ ಸುಮಾರು 45 ನಿಮಿಷ. ಹೊರಡುವ ಮೊದಲೇ ಎರಡು ಸಮಯಗಳನ್ನು ಬರೆದಿಟ್ಟುಕೊಳ್ಳಿ: ಕೆಳಗಿನಿಂದ ಮೊದಲ ಬಸ್ಸು, 9ನೇ ನಿಲ್ದಾಣದಿಂದ ಕೊನೆಯ ಬಸ್ಸು. ಕೊನೆಯದು ತಪ್ಪಿದರೆ, ನೀರಿನಲ್ಲಿ ದಿನವಿಡೀ ನಡೆದ ಕಾಲುಗಳಲ್ಲಿ ಇನ್ನೂ ಸುಮಾರು 8 ಮೈಲಿ ರಸ್ತೆ ನಡೆಯಬೇಕು. ಸಂದರ್ಶಕರ ಕೇಂದ್ರದ ನಿಲುಗಡೆ ಸೀಸನ್ನಿನಲ್ಲಿ ಬೆಳಗ್ಗೆ 8ರ ಹೊತ್ತಿಗೇ ತುಂಬುತ್ತದೆ. ಆಗ ಸ್ಪ್ರಿಂಗ್‌ಡೇಲ್‌ನಲ್ಲೇ ಕಾರು ಬಿಟ್ಟು, ಊರಿನ ಉಚಿತ ಬಸ್ಸಿನಲ್ಲಿ ಬಾಗಿಲವರೆಗೆ ಬನ್ನಿ.

ಯಾವ ನಡಿಗೆಗೆ ಅನುಮತಿ ಬೇಕು

ಟೆಂಪಲ್ ಆಫ್ ಸಿನಾವಾವದಿಂದ ನದಿಯ ಎದುರಾಗಿ ಮೇಲಕ್ಕೆ ನಡೆದು ಅದೇ ದಾರಿಯಲ್ಲಿ ಮರಳುವುದಕ್ಕೆ ಅನುಮತಿ ಬೇಡ. ಆದರೆ ಬಿಗ್ ಸ್ಪ್ರಿಂಗ್ ಎಂಬ ಒರತೆಯೇ ಮಿತಿ. ಬಸ್ ನಿಲ್ದಾಣದಿಂದ ಅಲ್ಲಿಗೆ ಸುಮಾರು 4.7 ಮೈಲಿ, ಹೋಗಿಬರಲು 15 ಕಿಲೋಮೀಟರ್. ಪಕ್ಕದ ಆರ್ಡರ್‌ವಿಲ್ ಕಮರಿಯೊಳಗೂ ವೇಲ್ಡ್ ಫಾಲ್ಸ್‌ವರೆಗೆ ಮಾತ್ರ. ಮೇಲಿನ ಚೇಂಬರ್ಲೇನ್ಸ್ ರ‍್ಯಾಂಚ್‌ನಿಂದ 16 ಮೈಲಿ ಕೆಳಕ್ಕೆ ಇಳಿಯುವ ನಡಿಗೆಗೆ ಅನುಮತಿ ಕಡ್ಡಾಯ. 24 ಗಂಟೆ ಹರಿವು 120 ಕ್ಯುಸೆಕ್ ಮೀರಿದ್ದರೆ ಅದನ್ನು ಕೊಡುವುದೇ ಇಲ್ಲ. ಮೊದಲ ಸಲ ಹೋಗುವವರಿಗೆ ಕೆಳಗಿನಿಂದ ಮೇಲಕ್ಕೆ ಹೋಗುವುದೇ ಸರಿ. ಕಣಿವೆಯ ಅತ್ಯಂತ ಚೆಲುವಾದ ಭಾಗ ಆ ದಾರಿಯಲ್ಲೇ ಸಿಗುತ್ತದೆ, ಸಾಕೆನಿಸಿದ ಕ್ಷಣ ಹಿಂತಿರುಗಬಹುದು.

ಏನು ತೊಡಬೇಕು, ಏನು ಹೊರಬೇಕು

ಪಾದರಕ್ಷೆಯೇ ಮೊದಲು. ತಳದಲ್ಲಿರುವುದು ಪಾಚಿ ಹತ್ತಿದ, ತೆಂಗಿನಕಾಯಿ ಗಾತ್ರದ ಉರುಟು ಕಲ್ಲುಗಳು. ನೀರು ಸ್ವಲ್ಪ ಕದಡಿದರೂ ಅವು ಕಾಣುವುದಿಲ್ಲ. ಸ್ಯಾಂಡಲ್ಸ್ ಹಾಕಿದರೆ ಎರಡು ಕಲ್ಲಿನ ನಡುವೆ ಬೆರಳು ಸಿಕ್ಕಿ ಉಗುರು ಕಿತ್ತುಬರುವುದು, ಬೆರಳು ಮುರಿಯುವುದು ಸಾಮಾನ್ಯ. ಪೇಟೆಯಲ್ಲಿ ಓಡಾಡುವ ಮೆದು ಶೂ ಹಿಮ್ಮಡಿಗೆ ಆಸರೆ ಕೊಡದು. ಬೆರಳು ಮುಚ್ಚುವ, ಹಿಮ್ಮಡಿ ಹಿಡಿದಿಡುವ, ನೀರು ಬೇಗ ಸೋರಿಹೋಗುವ ಬೂಟು ಬೇಕು. ಸ್ಪ್ರಿಂಗ್‌ಡೇಲ್‌ನ ಅಂಗಡಿಗಳಲ್ಲಿ ಇಂಥ ಬೂಟು, ನಿಯೋಪ್ರೀನ್ (ಒದ್ದೆಯಾದರೂ ಬಿಸಿ ಹಿಡಿದಿಡುವ ರಬ್ಬರ್) ಕಾಲುಚೀಲ, ಮರದ ಕೋಲು ಮೂರೂ ಸೇರಿಸಿ ದಿನದ ಬಾಡಿಗೆಗೆ ಕೊಡುತ್ತಾರೆ. ಹಿಂದಿನ ಸಂಜೆಯೇ ಹೋಗಿ, ಕಾಲುಚೀಲ ಹಾಕಿಕೊಂಡೇ ಬೂಟಿನ ಅಳತೆ ನೋಡಿ ತನ್ನಿ. ಬರಿಗಾಲಿನಲ್ಲಿ ಅಳತೆ ನೋಡಿದ ಬೂಟು ಮರುದಿನ ಬೆರಳು ಒತ್ತುತ್ತದೆ.

ಕೋಲು ಬೇಕೇ ಬೇಕು. ಭುಜದವರೆಗೆ ಬರುವ ಗಟ್ಟಿ ಮರದ ಕೋಲು ಒಂದು ಸಾಕು. ತೆಳು ಅಲ್ಯೂಮಿನಿಯಂ ಟ್ರೆಕ್ಕಿಂಗ್ ಕೋಲು ಕಲ್ಲಿನ ಸಂದಿಗೆ ಸಿಕ್ಕಿ ಬಾಗುತ್ತದೆ.

ಬಟ್ಟೆ ಪಾಲಿಯೆಸ್ಟರ್ ಅಥವಾ ಉಣ್ಣೆ ಇರಲಿ. ಹತ್ತಿ ಬಟ್ಟೆ, ಅದರಲ್ಲೂ ಜೀನ್ಸ್, ಒದ್ದೆಯಾದ ಮೇಲೆ ಭಾರವಾಗಿ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಇಕ್ಕಟ್ಟಾದ ಭಾಗದಲ್ಲಿ ಬಿಸಿಲು ತಳ ಮುಟ್ಟುವುದು ಸ್ವಲ್ಪ ಹೊತ್ತು ಮಾತ್ರ, ಗಾಳಿ ಸುರಂಗದಲ್ಲಿ ಬೀಸಿದಂತೆ ಬೀಸುತ್ತದೆ. ಜುಲೈನಲ್ಲೂ ಒದ್ದೆ ಮೈಯಲ್ಲಿ ನಿಂತರೆ ನಡುಕ ಹುಟ್ಟುತ್ತದೆ. ಅಕ್ಟೋಬರ್‌ನಿಂದ ಎದೆವರೆಗೆ ಬರುವ ಜಲನಿರೋಧಕ ಡ್ರೈ ಪ್ಯಾಂಟ್ ಬಾಡಿಗೆಗೆ ತೆಗೆದುಕೊಳ್ಳಿ.

ಚೀಲದಲ್ಲಿ ಇರಬೇಕಾದವು:
- ತಲೆಗೆ ಕನಿಷ್ಠ 3 ಲೀಟರ್ ಕುಡಿಯುವ ನೀರು, ಬೇಸಿಗೆಯಲ್ಲಿ 4
- ಉಪ್ಪಿರುವ ತಿನಿಸು, ಒಂದು ಹೊತ್ತಿನ ಊಟ
- ಗಾಳಿ ತಡೆಯುವ ಜಾಕೆಟ್, ಒಂದು ಒಣ ಮೇಲಂಗಿ
- ಬ್ಯಾಂಡೇಜು, ಕಣಕಾಲು ಉಳುಕಿದರೆ ಬಿಗಿಯಾಗಿ ಸುತ್ತುವ ಪಟ್ಟಿ
- ತಲೆಗೆ ಕಟ್ಟುವ ಟಾರ್ಚು
- ಮಲ ತುಂಬಿ ವಾಪಸ್ ತರುವ ವಿಶೇಷ ಚೀಲ

ಕೊನೆಯದನ್ನು ಬಿಟ್ಟು ಹೋಗಬೇಡಿ. ಕಣಿವೆಯಲ್ಲಿ ಹೂಳಲು ಮಣ್ಣಿಲ್ಲ, ಇರುವುದೆಲ್ಲ ನದಿಯ ಪಾತ್ರ. ಕೊನೆಯ ಶೌಚಾಲಯ, ಕೊನೆಯ ಕುಡಿಯುವ ನೀರಿನ ನಲ್ಲಿ ಎರಡೂ 9ನೇ ನಿಲ್ದಾಣದಲ್ಲೇ. ಫೋನು, ಕಾರಿನ ಕೀ, ಒಣ ಬಟ್ಟೆ ಇವನ್ನು ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗಿನಲ್ಲಿಡಿ. ಈಗಿನ ರಿಮೋಟ್ ಕೀ ನೀರು ಕುಡಿದರೆ ದಿನದ ಕೊನೆಗೆ ಕಾರೇ ತೆರೆಯದೆ ಪೇಚಾಗುತ್ತದೆ.

ನದಿಯ ನೀರು ಕುಡಿಯಬಾರದು, ಸೋಸಿದರೂ

2020ರಿಂದ ಈ ನದಿಯಲ್ಲಿ ಸಯನೋಬ್ಯಾಕ್ಟೀರಿಯಾ ಪಾಚಿ ಕಂಡುಬಂದಿದೆ. ಕಲ್ಲಿಗೆ ಅಂಟಿದ ಲೋಳೆಯಂಥ ಪದರದಲ್ಲಿ ನರಗಳಿಗೆ ಹಾನಿ ಮಾಡುವ ವಿಷವಿರಬಹುದು. ಟ್ರೆಕ್ಕಿಂಗ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆದರೂ ಕರಗಿದ ವಿಷವನ್ನು ತಡೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ನಡೆಯಲು ಅಡ್ಡಿಯಿಲ್ಲ, ಆದರೆ ತಲೆ ಮುಳುಗಿಸಬೇಡಿ, ನೀರು ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ತಿನ್ನುವ ಮೊದಲು ನೀವು ತಂದ ಶುದ್ಧ ನೀರಿನಲ್ಲಿ ಕೈ ತೊಳೆಯಿರಿ. ಪುಟ್ಟ ಮಕ್ಕಳು ನೀರಲ್ಲಿ ಕೂತು ಆಡಿ ಕೈ ಬಾಯಿಗೆ ಹಾಕುವುದರಿಂದ ಅವರ ಮೇಲೆ ಹೆಚ್ಚು ಕಣ್ಣಿಡಿ.

ನಡೆಯುವ ದಿನ

ಮೊದಲ ಬಸ್ಸುಗಳಲ್ಲೇ ಹತ್ತಿ. ಬೆಳಗ್ಗೆ ಬೇಗ ಹೋದರೆ ಜನ ಕಡಿಮೆ ಎಂಬುದು ಒಂದು ಲಾಭ. ಮಧ್ಯಾಹ್ನದ ಗುಡುಗಿಗೆ ಮುಂಚೆ ಹೊರಬೀಳಬಹುದು ಎಂಬುದು ಅದಕ್ಕಿಂತ ದೊಡ್ಡ ಲಾಭ.

9ನೇ ನಿಲ್ದಾಣದಿಂದ ಮೊದಲ 1 ಮೈಲಿ ಚಿಲ್ಲರೆ ರಿವರ್‌ಸೈಡ್ ವಾಕ್ ಎಂಬ ಸಿಮೆಂಟಿನ ದಾರಿ. ಅರ್ಧ ಗಂಟೆ ಸಾಕು. ಬಲಗಡೆಯ ಬಂಡೆಯಿಂದ ನೀರು ತೊಟ್ಟಿಕ್ಕುವ ಕಡೆ ಒಂದು ನಿಮಿಷ ನಿಂತು ನೋಡಿ. ಇಂಥ ಒದ್ದೆ ಗೋಡೆಗಳಲ್ಲಿ ಝಯಾನ್ ಬಸವನಹುಳು ಇರುತ್ತದೆ. ಈ ಕಣಿವೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಜೀವಿ, ಗಾತ್ರ ಸಾಸಿವೆ ಕಾಳಿನ ಆಸುಪಾಸು. ಆದ್ದರಿಂದ ಹಸಿರು ಗೋಡೆಯನ್ನು ಮುಟ್ಟಬೇಡಿ, ಒರಗಬೇಡಿ. ಅಳಿಲುಗಳಿಗೆ ತಿಂಡಿ ಹಾಕುವುದೂ ಬೇಡ. ರೂಢಿಯಾದವು ಕೈ ಕಚ್ಚುತ್ತವೆ.

ಸಿಮೆಂಟಿನ ದಾರಿ ಮುಗಿಯುವ ಮೆಟ್ಟಿಲಲ್ಲಿ ನದಿಗೆ ಇಳಿಯುತ್ತೀರಿ. ಇಳಿಯುವ ಮೊದಲು ಮೂರು ಕೆಲಸ: ಬೂಟಿನ ದಾರ ಮತ್ತೊಮ್ಮೆ ಬಿಗಿದು ಕಟ್ಟಿ, ನೀರಿನ ಬಣ್ಣ ನೋಡಿಕೊಳ್ಳಿ, ದಡದ ಒಂದು ಕಲ್ಲನ್ನು ಗುರುತಿಟ್ಟು ನೀರು ಅದರ ಎಲ್ಲಿಯವರೆಗೆ ಇದೆ ಎಂದು ಫೋಟೋ ತೆಗೆದುಕೊಳ್ಳಿ. ಮರಳುವಾಗ ಹೋಲಿಸಲು ಬೇಕಾಗುತ್ತದೆ.

ಇಲ್ಲಿಂದ ಗಂಟೆಗೆ ಒಂದು ಮೈಲಿಗಿಂತ ಹೆಚ್ಚು ವೇಗ ನಿರೀಕ್ಷಿಸಬೇಡಿ. ಸ್ವಲ್ಪ ದೂರದಲ್ಲೇ ಬಲಗಡೆ ಗೋಡೆಯ ಮೇಲೆ ಜಾರಿ ಇಳಿಯುವ ಮಿಸ್ಟರಿ ಫಾಲ್ಸ್ ಸಿಗುತ್ತದೆ. ಬಹಳಷ್ಟು ಕುಟುಂಬಗಳು ಇಲ್ಲಿಂದಲೇ ಮರಳುತ್ತವೆ, ಮಕ್ಕಳಿದ್ದರೆ ಅದೇ ಸರಿಯಾದ ದೂರ. ನಿಲ್ದಾಣದಿಂದ ಸುಮಾರು ಎರಡೂವರೆ ಮೈಲಿಯಲ್ಲಿ ಬಲಗಡೆಯಿಂದ ಆರ್ಡರ್‌ವಿಲ್ ಕಮರಿ ಬಂದು ಸೇರುತ್ತದೆ. ಆ ಆಸುಪಾಸಿನಿಂದ ವಾಲ್ ಸ್ಟ್ರೀಟ್ ಎಂದು ಕರೆಯುವ ಭಾಗ. ಗೋಡೆಗಳು ಹತ್ತಿರ ಬಂದು, ದಡ ಎಂಬುದೇ ಮಾಯವಾಗಿ, ಗೋಡೆಯಿಂದ ಗೋಡೆಗೆ ನೀರು. ಬೆಳಗಿನ ಎಳೆಬಿಸಿಲು ಮೇಲಿನ ಬಂಡೆಗೆ ತಾಗಿ, ಅಲ್ಲಿಂದ ಎದುರು ಗೋಡೆಗೆ ಬಿದ್ದು, ನೆರಳಿನಲ್ಲಿರುವ ಕೆಳಗಿನ ಕಲ್ಲೆಲ್ಲ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಜನ ಇಷ್ಟು ದೂರ ನಡೆದು ಬರುವುದು ಇದಕ್ಕೆ.

ಇದೇ ಭಾಗ ಅತ್ಯಂತ ಅಪಾಯಕಾರಿಯೂ ಹೌದು. ಏರಿ ನಿಲ್ಲಬಹುದಾದ ದಿಬ್ಬಗಳು ಇಲ್ಲಿ ಬಲು ಅಪರೂಪ. ಒಳಹೋಗುವ ಮೊದಲು ನಿಂತು ಆಕಾಶ ನೋಡಿ, ನೀರು ನೋಡಿ, ಗಡಿಯಾರ ನೋಡಿ. ಒಂದರಲ್ಲಿ ಅನುಮಾನ ಬಂದರೂ ಅಲ್ಲಿಂದಲೇ ವಾಪಸ್.

ಮರಳುವ ಹೊತ್ತನ್ನು ದೂರದಿಂದಲ್ಲ, ಗಡಿಯಾರದಿಂದ ನಿರ್ಧರಿಸಿ. ಮಳೆಗಾಲದಲ್ಲಿ ಬೆಳಗ್ಗೆ 11ಕ್ಕೆ, ಉಳಿದ ದಿನ 12ಕ್ಕೆ ಎಲ್ಲೇ ಇರಲಿ ತಿರುಗಿ. ಬಿಗ್ ಸ್ಪ್ರಿಂಗ್ ಮುಟ್ಟಲೇಬೇಕು ಎನ್ನುವವರಿಗೆ ಹೋಗಿಬರಲು 8ರಿಂದ 10 ಗಂಟೆ ಬೇಕು, ಅದು ನಿಚ್ಚಳ ಆಕಾಶದ ದಿನಕ್ಕೆ ಮಾತ್ರ. ಇಳಿಯುವಾಗ ಸೆಳವು ಬೆನ್ನಿಗಿರುವುದರಿಂದ ವೇಗ ಹೆಚ್ಚುತ್ತದೆ, ಜಾರಿ ಬೀಳುವುದೂ ಆಗಲೇ ಹೆಚ್ಚು.

ಸೆಳವಿನಲ್ಲಿ ಹೆಜ್ಜೆ ಇಡುವ ಕ್ರಮ

ನದಿ ತಿರುಗುವ ಕಡೆ ನೀರು ಹೊರಬದಿಯ ಗೋಡೆಗೆ ರಭಸದಿಂದ ಬಡಿದು ಬುಡವನ್ನು ಕೊರೆಯುತ್ತದೆ. ಆಳದ ಮಡು ಇರುವುದು ಅಲ್ಲಿ. ಒಳಬದಿಯಲ್ಲಿ ನೀರು ನಿಧಾನವಾಗಿ, ಹೊತ್ತ ಮರಳು ಜಲ್ಲಿಯನ್ನು ಇಳಿಸಿ ದಿಣ್ಣೆ ಮಾಡುತ್ತದೆ. ಹಾಗಾಗಿ ಒಳಬದಿಯ ದಿಣ್ಣೆಯಿಂದ ಮುಂದಿನ ತಿರುವಿನ ಒಳಬದಿಗೆ ದಾಟುತ್ತಾ ಹೋಗುವುದೇ ಇಡೀ ದಾರಿಯ ಸೂತ್ರ. ದಾಟಲು ಅಗಲವಾದ, ಮೇಲ್ಮೈ ಚಿಕ್ಕಚಿಕ್ಕದಾಗಿ ಕುಣಿಯುವ ಜಾಗ ಹುಡುಕಿ. ಅಲ್ಲಿ ಆಳ ಕಡಿಮೆ. ನುಣುಪಾಗಿ, ಕಡು ಹಸಿರಾಗಿ, ಸದ್ದಿಲ್ಲದೆ ಹರಿಯುವ ಕಡೆ ಆಳ ಹೆಚ್ಚು.

ದಾಟುವಾಗ ಮುಖ ನೀರು ಬರುವ ಕಡೆಗಿರಲಿ. ಕೋಲನ್ನು ಮುಂದೆ ಊರಿ ಅದಕ್ಕೆ ಸ್ವಲ್ಪ ಭಾರ ಕೊಡಿ. ಕೋಲು, ಎರಡು ಕಾಲು, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಎತ್ತಿ. ಹೆಜ್ಜೆ ಚಿಕ್ಕದಿರಲಿ, ಪಾದವನ್ನು ತಳಕ್ಕೆ ತಾಗಿಸಿಕೊಂಡೇ ಅಡ್ಡಕ್ಕೆ ಸರಿಸಿ. ಕಲ್ಲಿನ ತಲೆಯ ಮೇಲೆ ಕಾಲಿಡುವ ಬದಲು ಕಲ್ಲುಗಳ ನಡುವಿನ ಮರಳಿನಲ್ಲಿ ಇಡಿ. ನೀರು ಸೊಂಟ ಮುಟ್ಟುವ ಮೊದಲು ಚೀಲದ ಸೊಂಟಪಟ್ಟಿ ಬಿಚ್ಚಿ. ಬಿದ್ದರೆ ಚೀಲ ಕಳಚುವಂತಿರಬೇಕು, ಇಲ್ಲದಿದ್ದರೆ ಅದೇ ಮುಖ ಕೆಳಗಾಗಿಸಿ ಮುಳುಗಿಸುತ್ತದೆ.

ಬಿದ್ದು ಸೆಳವಿಗೆ ಸಿಕ್ಕರೆ ತಕ್ಷಣ ಎದ್ದು ನಿಲ್ಲಲು ಹೋಗಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕಿ, ಮೇಲಿನಿಂದ ನೀರು ಒತ್ತಿ ಬಾಗಿಸಿದರೆ ಮಂಡಿಯುದ್ದ ನೀರಿನಲ್ಲೂ ಪ್ರಾಣ ಹೋಗುತ್ತದೆ. ಅಂಗಾತ ಮಲಗಿ, ಕಾಲುಗಳನ್ನು ಮುಂದೆ ಹರಿವಿನ ಕಡೆಗೆ ಚಾಚಿ, ನೀರು ಸೌಮ್ಯವಾಗುವವರೆಗೆ ತೇಲಿ, ಆಮೇಲೆ ದಡಕ್ಕೆ ಸರಿಯಿರಿ.

ದಿಢೀರ್ ಪ್ರವಾಹ

ಮೇಲಿನ ಪ್ರಸ್ಥಭೂಮಿಯ ಬಹುಭಾಗ ಬೋಳು ಬಂಡೆ. ಜೋರು ಮಳೆ ಬಿದ್ದರೆ ಇಂಗಲು ಸಮಯವಿಲ್ಲ, ಎಲ್ಲವೂ ಓಡಿ ಬಂದು ಈ ಓಣಿಗೆ ಬೀಳುತ್ತದೆ. ಮಳೆ ನಿಮ್ಮಿಂದ ಹತ್ತಾರು ಕಿಲೋಮೀಟರ್ ಮೇಲೆ ಬಿದ್ದಿರಬಹುದು. ನಿಮ್ಮ ತಲೆಯ ಮೇಲೆ ಕಾಣುವ ಆಕಾಶದ ಸೀಳು ನೀಲಿಯಾಗಿಯೇ ಇರಬಹುದು. 2015ರ ಸೆಪ್ಟೆಂಬರ್ 14ರಂದು ಇದೇ ಉದ್ಯಾನದ ಕೀಹೋಲ್ ಕಮರಿಯಲ್ಲಿ ಪ್ರವಾಹಕ್ಕೆ ಸಿಕ್ಕಿ 7 ಜನ ತೀರಿಕೊಂಡರು.

ಲಕ್ಷಣಗಳು: ತಿಳಿನೀರು ಇದ್ದಕ್ಕಿದ್ದಂತೆ ಕೆಂಪಗೆ ಕದಡುವುದು, ಎಲೆ, ಕಡ್ಡಿ, ತರಗು ತೇಲಿ ಬರುವುದು, ನೀರಿನ ಮಟ್ಟ ಅಥವಾ ವೇಗ ಏರುವುದು, ಮೇಲಿನಿಂದ ಮೊರೆತ ಹತ್ತಿರವಾಗುವುದು, ಗುಡುಗು. ಇವುಗಳಲ್ಲಿ ಒಂದು ಸಾಕು. ಕೂಡಲೇ ಹತ್ತಿರದ ಎತ್ತರದ ಜಾಗ ಏರಿ. ಕೆಳಗೆ ಓಡಿ ಪಾರಾಗುತ್ತೇವೆ ಎಂಬುದು ಜೀವ ತೆಗೆಯುವ ಯೋಚನೆ, ನೀರು ನಿಮಗಿಂತ ವೇಗ. ನಾಲ್ಕಾರು ಅಡಿ ಎತ್ತರವೂ ಜೀವ ಉಳಿಸಬಹುದು, ಇನ್ನೂ ಎತ್ತರ ಸಿಕ್ಕರೆ ಏರಿ. ಚೀಲ ತರಲು ಇಳಿಯಬೇಡಿ. ನೀರು ಇಳಿದು ಮತ್ತೆ ತಿಳಿಯಾಗುವವರೆಗೆ ಅಲ್ಲೇ ಕೂರಬೇಕು. ಕೆಲವೊಮ್ಮೆ ರಾತ್ರಿಯೂ ಕಳೆಯಬೇಕಾಗುತ್ತದೆ, ಒಣ ಮೇಲಂಗಿ, ಜಾಕೆಟ್, ಟಾರ್ಚು ಹೊರಲು ಹೇಳಿದ್ದು ಅದಕ್ಕೇ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಹೊರಗಿರುವ ಒಬ್ಬರಿಗೆ ಹೇಳಿ ಹೊರಡಿ.

ನಡೆಯುತ್ತಾ ಹೋಗುವಾಗಲೇ ಹತ್ತಬಹುದಾದ ದಿಬ್ಬಗಳನ್ನು ಕಣ್ಣಲ್ಲೇ ಗುರುತಿಟ್ಟುಕೊಳ್ಳಿ. ಮರ ಬೆಳೆದಿರುವ ದಿಬ್ಬ ಒಳ್ಳೆಯ ಗುರುತು: ಆ ಮರ ಬೆಳೆಯುವಷ್ಟು ವರ್ಷ ಅದನ್ನು ಕೊಚ್ಚುವ ಪ್ರವಾಹ ಬಂದಿಲ್ಲ ಎಂದರ್ಥ.

ನದಿ ಮುಚ್ಚಿದ್ದರೆ

ಬಂದ ದಿನ ನ್ಯಾರೋಸ್ ಮುಚ್ಚಿದೆ ಎಂದು ಬೇಲಿ ದಾಟಬೇಡಿ. ಹರಿವು ಮಾತ್ರ ಹೆಚ್ಚಿದ್ದು ಪ್ರವಾಹ ಎಚ್ಚರಿಕೆ ಇಲ್ಲದಿದ್ದರೆ ರಿವರ್‌ಸೈಡ್ ವಾಕ್ ಸಾಮಾನ್ಯವಾಗಿ ತೆರೆದಿರುತ್ತದೆ, ಉಕ್ಕಿದ ನದಿಯನ್ನು ದಡದಿಂದ ನೋಡುವುದೂ ಒಂದು ಅನುಭವ. ಸಂದರ್ಶಕರ ಕೇಂದ್ರದಿಂದ ಹೊರಡುವ ಪರೂಸ್ ದಾರಿ ಸಮತಟ್ಟು, ವಯಸ್ಸಾದವರಿಗೂ ಗಾಲಿಕುರ್ಚಿಗೂ ಹೊಂದುತ್ತದೆ. ನದಿಯ ಪಕ್ಕದ ಕಾಟನ್‌ವುಡ್ ಮರಗಳನ್ನು ನೋಡಲು ಇದೇ ಜಾಗ. ಅಲ್ಲಿ ಹಳೆಯ ಮರಗಳಷ್ಟೇ ಹೆಚ್ಚು, ಎಳೆಯವು ಕಡಿಮೆ ಎಂಬುದನ್ನು ಗಮನಿಸಿ. 1930ರ ದಶಕದಲ್ಲಿ ರಸ್ತೆ ಉಳಿಸಲು ನದಿಗೆ ಕಲ್ಲಿನ ಒಡ್ಡು ಕಟ್ಟಿದರು. ಪ್ರವಾಹ ಬಯಲಿಗೆ ಹರಡದಾಯಿತು, ಬೀಜ ಮೊಳೆಯಲು ಬೇಕಾದ ಹಸಿ ಮೆಕ್ಕಲು ಸಿಗದಾಯಿತು. ನದಿಯನ್ನು ಕಟ್ಟಿಹಾಕಿದ್ದರ ಬೆಲೆ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಗಟ್ಟಿ ಕಾಲಿನವರಿಗೆ ವಾಚ್‌ಮನ್ ದಾರಿ, ಹೋಗಿಬರಲು 3.3 ಮೈಲಿ. 1930ರಲ್ಲಿ ತೆರೆದ ಝಯಾನ್–ಮೌಂಟ್ ಕಾರ್ಮೆಲ್ ಸುರಂಗ ದಾಟಿದ ಕೂಡಲೇ ಸಿಗುವ ಕ್ಯಾನ್ಯನ್ ಓವರ್‌ಲುಕ್ 1 ಮೈಲಿಯ ಚಿಕ್ಕ ನಡಿಗೆ, ಮೇಲಿನಿಂದ ಕಣಿವೆ ಕಾಣುತ್ತದೆ. ಕಾರು ನಿಲ್ಲಿಸಲು ಜಾಗ ಬಹಳ ಕಡಿಮೆ, ಬೆಳಗ್ಗೆಯೇ ಹೋಗಿ. ಏಂಜಲ್ಸ್ ಲ್ಯಾಂಡಿಂಗ್‌ನ ಸರಪಳಿ ಹಿಡಿದು ಹತ್ತುವ ಭಾಗಕ್ಕೆ 2022ರ ಏಪ್ರಿಲ್ 1ರಿಂದ ಅನುಮತಿ ಬೇಕು, ಅದನ್ನು ಲಾಟರಿಯಲ್ಲಿ ಕೊಡುತ್ತಾರೆ. ಹಿಂದಿನ ದಿನದ ಲಾಟರಿಯೂ ಇರುವುದರಿಂದ, ನದಿಯ ಮುನ್ಸೂಚನೆ ಸರಿಯಿಲ್ಲ ಎಂದು ಕಂಡ ದಿನವೇ ಅರ್ಜಿ ಹಾಕಿ. ಆದರೆ ಗುಡುಗಿನ ಮುನ್ಸೂಚನೆ ಇದ್ದ ದಿನ ಆ ಬೋಳು ಶಿಖರಕ್ಕೂ ಹೋಗಬಾರದು.